ವಿಲ್ಬರ್ಟನಿಗೆ ಬಿಟ್ಟ ಎಳ್ಳುನೀರು

ನನಗೆ ಮರೆವು ಬಂದಿದೆಯಂತೆ. ಫೋನಿನ ನಮ್ಮ ಕನ್ನಡ ಗುಂಪಿನಲ್ಲಿ ಸುಧಾಮಣಿ ಹಾಗೆ ಬರೆದಿದ್ದಾಳೆ, ಅದರ ಕೆಳಗೆ ಹದಿನೇಳು ಜನ ಕೈ ಮುಗಿಯುವ ಬೊಂಬೆ ಒತ್ತಿದ್ದೀರಿ. ಆ ಹದಿನೇಳು ಹೆಸರನ್ನೂ ಈಗಲೇ ಸಾಲಾಗಿ ಹೇಳಬಲ್ಲೆ. ನಿಮ್ಮ ಮರ್ಯಾದೆಗೆ ಅಂತ ಬಿಟ್ಟಿದ್ದೇನೆ. ನನಗೆ ಎಪ್ಪತ್ತೊಂಬತ್ತು. ಮೈಸೂರಿಂದ ಬಂದು ಮೊದಲು ಬಾಡಿಗೆಗಿದ್ದ ಪಾರ್ಸಿಪನಿ ಮನೆಯ ಫೋನ್ ನಂಬರು ಇವತ್ತಿಗೂ ಬಾಯಲ್ಲಿದೆ. ಅರ್ಧ ಕಣ್ಣು ಹೋಗಿದೆ, ಒಪ್ಪಿದೆ. ಅದಕ್ಕೇ ಟೈಪ್ ಮಾಡದೆ ಮಾತಾಡಿ ಕಳಿಸುತ್ತಿದ್ದೇನೆ. ತಲೆ ಹೋಗಿಲ್ಲ.

ದೀಪಾವಳಿ ಊಟದಲ್ಲಿ ಸುಧಾಮಣಿ ಎಲ್ಲರೆದುರು ಹೇಳಿದ ಕಥೆ ಇದು. ಗಣಪತಿ ಅಂಕಲ್, ಅಂದರೆ ನಾನು, ಅರ್ನಸ್ಟೀನ್ ಅನ್ನುವ ಬ್ಲ್ಯಾಕ್ ಡ್ರೈವಿಂಗ್ ಟೀಚರನ್ನು ನಲವತ್ತು ವರ್ಷ ಕಾಣದ ತಂದೆಯ ಹತ್ತಿರ ಕರೆದುಕೊಂಡು ಹೋದರು, ಅಪ್ಪ ಮಗಳು ತಬ್ಬಿಕೊಂಡು ಅತ್ತರು, ಈಗ ಆ ಅಪ್ಪ ಮಗಳ ಮನೆಯಲ್ಲೇ ಇದ್ದಾನೆ. ಹೋಳಿಗೆ ಹಿಡಿದುಕೊಂಡು ಎಲ್ಲರೂ ಕಣ್ಣೊರೆಸಿಕೊಂಡಿರಿ. ನಾನು ಎದ್ದು, ಹಾಗಲ್ಲಮ್ಮ ಅಂದೆ. ಅವಳು ನನ್ನ ಭುಜ ತಟ್ಟಿ, "ಅಂಕಲ್‌ಗೆ ಮರ್ತೋಗಿದೆ ಪಾಪ, ನಮಗೆ ಇವ್ರೇ ಹೇಳಿದ್ದು" ಅಂದಳು.

ಸರಿ, ಕೇಳಿ. ಮೊದಲನೆಯದಾಗಿ ಅವಳ ಹೆಸರು ಅರ್ನಸ್ಟೀನ್ ಅಲ್ಲ. ರೆನೀಟಾ. ರೆನೀಟಾ ಗ್ಯಾಸ್ಕಿನ್ಸ್, ನಲವತ್ತೇಳು ವರ್ಷ, ಹುಟ್ಟಿ ಬೆಳೆದದ್ದು ನೂವರ್ಕಿನಲ್ಲಿ, ಈಗ ಸ್ವಂತ ಮನೆ ಇರುವುದು ಈಸ್ಟ್ ಆರೆಂಜಿನಲ್ಲಿ. ಅರ್ನಸ್ಟೀನ್ ಅವಳ ತಾಯಿ. ಕಾರಿನ ನೆತ್ತಿಯ ಮೇಲಿನ ಬೋರ್ಡಿನಲ್ಲಿ 'ಅರ್ನಸ್ಟೀನ್ ಡ್ರೈವಿಂಗ್ ಸ್ಕೂಲ್' ಅಂತ ಇದೆ, ನೀವು ಬೋರ್ಡು ಓದಿ ಹೆಸರು ಇಟ್ಟಿದ್ದೀರಿ. ಆ ತಾಯಿಗೆ ಜನ್ಮದಲ್ಲಿ ಡ್ರೈವಿಂಗ್ ಬರಲಿಲ್ಲ. ಆಸ್ಪತ್ರೆಯ ಲಾಂಡ್ರಿ ಕೆಲಸಕ್ಕೆ ಎರಡು ಬಸ್ಸು ಬದಲಾಯಿಸಿ ಮೂವತ್ತೊಂದು ವರ್ಷ ಹೋಗಿಬಂದ ಹೆಂಗಸು.

ರೆನೀಟಾ ನಮ್ಮ ಮನೆಗೆ ಬಂದದ್ದು ಆರೂವರೆ ವರ್ಷದ ಹಿಂದೆ. ನನ್ನ ಕಣ್ಣಿನ ಆಪರೇಷನ್ ಆಗಿ, ಇನ್ನು ಡ್ರೈವ್ ಮಾಡಬೇಡಿ ಅಂತ ಡಾಕ್ಟರು ಬರೆದುಕೊಟ್ಟರು. ನಾವಿರುವ ಮಾನ್ಮತ್ ಜಂಕ್ಷನ್ ಊರಿನಲ್ಲಿ ಕಾರಿಲ್ಲದೆ ಕೊತ್ತಂಬರಿ ಸೊಪ್ಪೂ ಸಿಗುವುದಿಲ್ಲ. ನಮ್ಮ ಮನೆಯವಳು ರಮಾಮಣಿ ಈ ದೇಶಕ್ಕೆ ಬಂದು ನಲವತ್ತು ವರ್ಷವಾದರೂ ಸ್ಟೀರಿಂಗ್ ಮುಟ್ಟಿದವಳಲ್ಲ. ಹಿಂದೆ ನಾನೇ ಒಂದು ಸಲ ಕಲಿಸಲು ಹೋಗಿ, ಪಾರ್ಕಿಂಗ್ ಲಾಟಿನಲ್ಲೇ ಜಗಳವಾಗಿ, ಅವಳು ಕಾರಿಂದಿಳಿದು ನಡೆದುಕೊಂಡೇ ಮನೆಗೆ ಹೋಗಿದ್ದಳು. ಅರವತ್ತಾರನೇ ವಯಸ್ಸಿನಲ್ಲಿ ಅವಳಿಗೆ ಕಲಿಸಲು ಯಾರೂ ಒಪ್ಪಲಿಲ್ಲ. ರೆನೀಟಾ ಒಪ್ಪಿದಳು. ಆಗ ನಿಮ್ಮಲ್ಲಿ ಮೂರು ಜನ ನನಗೆ ಫೋನ್ ಮಾಡಿ, ಬ್ಲ್ಯಾಕ್ ಹೆಂಗಸಂತೆ, ಸೇಫಾ ಅಂತ ಕೇಳಿದ್ದಿರಿ. ಅದೂ ನನಗೆ ಮರೆತಿಲ್ಲ. ಆಮೇಲೆ ಆ ಮೂವರ ಸೊಸೆಯಂದಿರೂ ಅವಳ ಹತ್ತಿರವೇ ಕಲಿತರು.

ಅವಳ ಬಿಳಿ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕ್ ಇದೆ. ಕಲಿಯುವವರು ತಪ್ಪಿದರೆ ಅವಳು ಅದನ್ನು ಒತ್ತುತ್ತಾಳೆ. ಬೈಯುವುದಿಲ್ಲ. ಒತ್ತಿ, ಕಾರು ನಿಂತ ಮೇಲೆ, "ಈಗ ಏನಾಯ್ತು, ನೀನೇ ಹೇಳು" ಅನ್ನುತ್ತಾಳೆ. ಅವಳ ಇಂಗ್ಲಿಷನ್ನು ನನ್ನ ಬಾಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ, ಅಷ್ಟನ್ನು ಸಹಿಸಿಕೊಳ್ಳಿ. ಗಣಪತಿ ಅನ್ನುವ ನನ್ನ ಹೆಸರು ಅವಳಿಗೆ ಮಿಸ್ಟರ್ ಜಿ.

ಮೊದಲ ಪಾಠ ಮುಗಿದ ದಿನ ಕಾಫಿ ಕೊಟ್ಟೆವು. ನಮ್ಮ ಕಡೆ ಹೊಸಬರು ಮನೆಗೆ ಬಂದರೆ ಏನು ಕೇಳುತ್ತೇವೆ? ನಾನೂ ಅದನ್ನೇ ಕೇಳಿದೆ, ನಿಮ್ಮ ತಂದೆ ಏನು ಮಾಡುತ್ತಾರೆ ಅಂತ. ಅವಳು ಲೋಟ ಕೆಳಗಿಟ್ಟು, ನನಗೆ ತಂದೆ ಇಲ್ಲ ಅಂದಳು. ಇಂಗ್ಲಿಷಿನಲ್ಲೇ ಅಂದಳು. ಆದರೆ ನನ್ನ ಕಿವಿಯಲ್ಲಿ ಅದು ಕನ್ನಡವಾಗಿ ಇಳಿಯಿತು. ನಮ್ಮ ಭಾಷೆಯಲ್ಲಿ ತಂದೆ ಇಲ್ಲ ಅಂದರೆ ಅದಕ್ಕೆ ಒಂದೇ ಅರ್ಥ. ರಮಾಮಣಿ ಸೆರಗು ಬಾಯಿಗಿಟ್ಟುಕೊಂಡು, ಎಷ್ಟು ವರ್ಷವಾಯಿತು ಅಂತ ಕೇಳಿದಳು. ನಾಲ್ಕು ವರ್ಷದವಳಿದ್ದಾಗಿಂದ ಅಂದಳು. ಹೆಸರೇನು ಅಂತ ನಾನು ಕೇಳಿದೆ. ವಿಲ್ಬರ್ಟ್, ಯಾಕೆ ಅಂದಳು. ಸುಮ್ಮನೆ ಅಂದೆ.

ಆ ಸೆಪ್ಟೆಂಬರಿನಲ್ಲಿ ರಮಾಮಣಿ ಮೂರನೇ ಟೆಸ್ಟಿನಲ್ಲಿ ಪಾಸಾದಳು. ಎರಡು ಸಲ ಫೇಲಾದಾಗಲೂ ರೆನೀಟಾ ಬಿಡಲಿಲ್ಲ. ಸೀರೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಋಣ ಹಾಗೇ ಉಳಿಯಿತಲ್ಲ ಅನ್ನಿಸಿತು. ಮುಂದಿನ ವಾರವೇ ಮಹಾಲಯ ಅಮಾವಾಸ್ಯೆ. ಆವತ್ತು ನಮ್ಮವರಿಗೆ ಮಾತ್ರವಲ್ಲ, ಗುರುಗಳಿಗೆ, ಸ್ನೇಹಿತರಿಗೆ, ಬೇಕಾದವರಿಗೆಲ್ಲ ಎಳ್ಳುನೀರು ಬಿಡಬಹುದು. ತಂದೆಯಿಲ್ಲದ ಹುಡುಗಿ, ಅವಳ ತಂದೆಗೆ ಬಿಡುವವರು ಯಾರಿದ್ದಾರೆ ಅಂದುಕೊಂಡೆ. ಫೋನಿನಲ್ಲಿ ಮಂತ್ರ ಹೇಳುವ ಪುರೋಹಿತರು ಗೋತ್ರ ಯಾವುದು ಅಂದರು. ಗೊತ್ತಿಲ್ಲ ಅಂದೆ. ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ ತಾನೇ. ಹಾಗೆ ಮನೆಯ ಹಿಂದಿನ ನಮ್ಮ ಮರದ ಡೆಕ್ಕಿನ ಮೇಲೆ ದಕ್ಷಿಣಕ್ಕೆ ಮುಖ ಮಾಡಿ, ಕಾಶ್ಯಪ ಗೋತ್ರಂ ವಿಲ್ಬರ್ಟ್ ನಾಮಧೇಯಂ ಅಂತ ಹೇಳಿ ಮೂರು ಸಲ ನೀರು ಬಿಟ್ಟೆ. ಒಂದು ವರ್ಷ ಅಲ್ಲ. ಆರು ವರ್ಷ.

ಬೆರಳು ಜಾರಿ ರೆಕಾರ್ಡಿಂಗ್ ನಿಂತುಹೋಯಿತು. ಇದು ಎರಡನೆಯ ತುಣುಕು. ಮೊದಲನೆಯದು ಕೇಳದವರು ಅದನ್ನು ಕೇಳಿ ಬನ್ನಿ, ನಡುವೆ ಬಂದು ಪ್ರಶ್ನೆ ಕೇಳಬೇಡಿ.

ಈ ವರ್ಷ ಮಾರ್ಚಿನ ಒಂದು ಶನಿವಾರ. ನಮ್ಮ ಕಾಲೊನಿಯಲ್ಲಿ ಎರಡು ಪಾಠದ ನಡುವೆ ಬಿಡುವಿದ್ದರೆ ರೆನೀಟಾ ನಮ್ಮಲ್ಲೇ ಊಟ ಮಾಡುತ್ತಾಳೆ. ಆವತ್ತು ಚಿತ್ರಾನ್ನ. ಅವಳ ಸಂಭ್ರಮದ ಸುದ್ದಿಯೊಂದಿತ್ತು. ಮಗಳು ನರ್ಸ್ ಕೆಲಸ ಸಿಕ್ಕಿ ಅಟ್ಲಾಂಟಾಗೆ ಹೋದ ಮೇಲೆ ಮನೆಯ ಕೆಳಗಿನ ಕೋಣೆ ಖಾಲಿಯಾಗಿತ್ತು. ಅದನ್ನು ಕ್ಲಾಸ್‌ರೂಮ್ ಮಾಡುತ್ತಿದ್ದಳು. ಕ್ಲಾಸ್‌ರೂಮ್ ಇದ್ದರೆ ಇಬ್ಬರು ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಂಡು ಸ್ಕೂಲು ಬೆಳೆಸಬಹುದು, ಇಲ್ಲದಿದ್ದರೆ ಜೀವಮಾನವಿಡೀ ಒಂದೇ ಕಾರು, ಒಬ್ಬಳೇ ಟೀಚರು. ಹನ್ನೊಂದು ವರ್ಷದ ಆಸೆ. ಏಪ್ರಿಲ್ ಹದಿನಾಲ್ಕಕ್ಕೆ ಇನ್‌ಸ್ಪೆಕ್ಟರ್ ಬಂದು ನೋಡುವವರಿದ್ದರು.

ಆಗ ಫೋನ್ ಬಂತು. ಕೈಯಲ್ಲಿ ಅನ್ನ, ಸ್ಪೀಕರಿಗೆ ಹಾಕಿದಳು. ಕ್ವೀನ್ಸಿನ ಒಂದು ನರ್ಸಿಂಗ್ ಹೋಮಿನ ಸೋಷಿಯಲ್ ವರ್ಕರ್. ನಿಮ್ಮ ತಂದೆ ವಿಲ್ಬರ್ಟ್ ಗ್ಯಾಸ್ಕಿನ್ಸ್ ನಮ್ಮಲ್ಲಿದ್ದಾರೆ, ಸೊಂಟದ ಆಪರೇಷನ್ ಆಗಿದೆ, ಮೂರು ವಾರದಲ್ಲಿ ಡಿಸ್ಚಾರ್ಜ್ ಮಾಡಬೇಕು, ಒಬ್ಬರೇ ಇರುವ ಹಾಗಿಲ್ಲ. ನಿಮ್ಮ ಸ್ಕೂಲಿನ ವೆಬ್‌ಸೈಟಿನಲ್ಲಿ ಹೊಸ ಕ್ಲಾಸ್‌ರೂಮಿನ ಸುದ್ದಿ ನೋಡಿದ್ದಾರೆ, ಮನೆಯ ಕೆಳಗೆ ಒಂದು ಕೋಣೆ ಇದೆಯಂತಲ್ಲ?

ನಾನು ರಮಾಮಣಿಯ ಮುಖ ನೋಡಿದೆ. ಅವಳು ಗೋಡೆ ನೋಡಿದಳು. ರೆನೀಟಾ ಫೋನಿಟ್ಟ ಮೇಲೆ ನನ್ನ ಬಾಯಿಂದ ಮೊದಲು ಬಂದ ಮಾತು, "ಅವ್ರು ಬದುಕಿದಾರಾ?"

"ಬದುಕಿಲ್ಲ ಅಂತ ನಾನ್ಯಾವಾಗ ಹೇಳ್ದೆ?"

"ತಂದೆ ಇಲ್ಲ ಅಂದ್ಯಲ್ಲಮ್ಮ."

"ಇಲ್ಲ ಅಂದ್ರೆ ಇಲ್ಲ. ಹೋದ. ಸತ್ತ ಅಂತ ನಾನಂದ್ನಾ?"

ರಮಾಮಣಿ ಸುಮ್ಮನಿರುವವಳಲ್ಲ. "ರೀ, ಹೇಳ್ಬಿಡಿ. ಇಲ್ದಿದ್ರೆ ನಾನೇ ಹೇಳ್ತೀನಿ." ಹೇಳಿದೆ. ಎಳ್ಳು, ನೀರು, ದರ್ಭೆ, ಆರು ವರ್ಷ, ಕಾಶ್ಯಪ ಗೋತ್ರ, ಎಲ್ಲ. ಬದುಕಿರುವವನಿಗೆ ಎಳ್ಳುನೀರು ಬಿಡುವುದೆಂದರೆ ಎಂಥ ಅಪಚಾರ ಅಂತಲೂ ಹೇಳಿದೆ. ನಮ್ಮ ಭಾಷೆಯಲ್ಲಿ ಒಂದರ ಆಸೆ ಪೂರ್ತಿ ಬಿಟ್ಟರೂ ಅದಕ್ಕೆ ಎಳ್ಳುನೀರು ಬಿಟ್ಟೆವು ಅನ್ನುತ್ತೇವೆ ಅಂತಲೂ ವಿವರಿಸಿದೆ. ಅವಳು ಕೇಳುತ್ತ ಕೇಳುತ್ತ ನಗಲು ಶುರು ಮಾಡಿದಳು. ನೀರು ನೆತ್ತಿಗೇರಿ, ರಮಾಮಣಿ ಬೆನ್ನು ತಟ್ಟಬೇಕಾಯಿತು.

"ಮಿಸ್ಟರ್ ಜಿ, ನಮ್ಮಮ್ಮ ಆ ಕೆಲಸ ಎಂಬತ್ತೆರಡನೇ ಇಸವಿಲೇ ಮುಗಿಸಿದ್ಲು. ನೀವು ಲೇಟು."

ನಾನು ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಏನೇ ಆದರೂ ಹೆತ್ತ ತಂದೆ, ವಯಸ್ಸಾಗಿದೆ, ಕೋಣೆ ಕೊಡು, ಕ್ಲಾಸು ಎಲ್ಲಿ ಬೇಕಾದರೂ ಮಾಡಬಹುದು ಅಂದೆ. ರಮಾಮಣಿಯೂ ತಲೆಯಾಡಿಸಿದಳು. ರೆನೀಟಾ ತಟ್ಟೆಯಲ್ಲಿದ್ದ ಕಡಲೆಬೀಜಗಳನ್ನು ಒಂದು ಕಡೆ ಸೇರಿಸುತ್ತ ಕೂತಳು.

"ಮಿಸ್ಟರ್ ಜಿ, ನೀವು ಯಾವತ್ತಾದ್ರೂ ಯಾರಿಗಾದ್ರೂ ಮಗಳಾಗಿದ್ರಾ?"

ಅವಳೇ ಮುಂದೆ ಹೇಳಿದಳು. "ನಮ್ಮ ಬಿಲ್ಡಿಂಗಲ್ಲಿ ನಮ್ಮ ಮಹಡಿಗೆ ನಾಲ್ಕು ಮನೆ. ನಾಲ್ಕರಲ್ಲೂ ಅಪ್ಪ ಇಲ್ಲ. ಏನೋ ಕಮ್ಮಿ ಇದೆ ಅಂತ ನಮಗೆ ಗೊತ್ತಾಗಿದ್ದೇ ಸ್ಕೂಲ್ ಫಾರಂ ತುಂಬುವಾಗ. ಯಾರ ಮನೇಲಿ ಹೀಟರ್ ಕೆಟ್ರೂ ಮಿಕ್ಕ ಮೂರು ಮನೆ ಬಾಗಿಲು ತೆಗೀತಿತ್ತು. ನಮ್ಮಮ್ಮ ರಾತ್ರಿ ಪಾಳಿಗೆ ಹೋದ್ರೆ ಮಿಸ್ ಒಡೆಸಾ ಮನೇಲಿ ಮಲಗ್ತಿದ್ದೆ. ಸ್ಕೂಲ್ ಬಸ್ ಓಡಿಸ್ತಿದ್ಲು ಅವಳು. ಅವಳಿಗೂ ಅಪ್ಪ ಇರ್ಲಿಲ್ಲ, ಅಜ್ಜಿ ಸಾಕಿದ್ದು. ನನಗೆ ಹದಿನೇಳು ತುಂಬಿದಾಗ ಇವನು ಫೋನ್ ಮಾಡ್ದ. ಶನಿವಾರ ಬರ್ತೀನಿ, ಡ್ರೈವಿಂಗ್ ನಾನೇ ಹೇಳ್ಕೊಡ್ತೀನಿ ಅಂದ. ಪರ್ಮಿಟ್ ಕೈಲಿಟ್ಕೊಂಡು ಬೆಳಿಗ್ಗೆ ಒಂಬತ್ತರಿಂದ ನಾಲ್ಕರ ತನಕ ಮೆಟ್ಟಿಲ ಮೇಲೆ ಕೂತಿದ್ದೆ. ನಾಲ್ಕಕ್ಕೆ ಎದ್ದು ಮಿಸ್ ಒಡೆಸಾ ಬಾಗಿಲು ತಟ್ದೆ. ಅವಳು ಕಾರಿನ ಬೀಗದಕೈ ತಗೊಂಡ್ಲು. ಅಷ್ಟೆ."

"ಆಮೇಲೆ?"

"ಆಮೇಲೇನು? ಒಂದು ಶನಿವಾರ ಕಾದೆ. ಮಿಕ್ಕ ಶನಿವಾರ ಎಲ್ಲಾ ಕೆಲಸ ಮಾಡಿದೀನಿ."

ಆದರೂ ನೋಡಲು ಹೋಗುತ್ತೇನೆ ಅಂದಳು. ಫೋನಿನಲ್ಲಿ ಮಾತು ಹೇಳಿ ಬಾರದಿರುವುದು ಅವನ ಪದ್ಧತಿ, ನನ್ನದಲ್ಲ, ಏನಿದ್ದರೂ ಮುಖಕ್ಕೆ ಹೇಳುತ್ತೇನೆ ಅಂದಳು. ಹೌದು ಅನ್ನುತ್ತಾಳೋ ಇಲ್ಲ ಅನ್ನುತ್ತಾಳೋ ಅವಳಿಗೇ ಇನ್ನೂ ಖಚಿತವಿರಲಿಲ್ಲ ಅಂತ ನನಗನ್ನಿಸಿತು. ನನ್ನ ಕಡೆ ತಿರುಗಿ, "ಆರು ವರ್ಷ ನೀರು ಕುಡಿಸಿದೀರಿ, ಬಂದು ಆಸಾಮಿನ ನೋಡಿ" ಅಂದಳು.

ಈಗ ನನ್ನ ತಪ್ಪು ಹೇಳುತ್ತೇನೆ. ಹೊರಡುವ ಹಿಂದಿನ ದಿನ ಸುಧಾಮಣಿಗೆ ಫೋನ್ ಮಾಡಿ, ನಾಳೆ ಅಪ್ಪ ಮಗಳನ್ನು ಒಂದು ಮಾಡಿ ಬರುತ್ತೇನೆ, ನೋಡ್ತಿರು ಅಂದಿದ್ದೆ. ಹೇಳಿದ್ದು ಹೋಗುವ ಮುಂಚೆ. ಹೋಗಿಬಂದ ಮೇಲೆ ಅವಳು ಕೇಳಿದಾಗ, ಆಯ್ತಮ್ಮ, ಎಲ್ಲಾ ಆಯ್ತು ಅಂದು ಸುಮ್ಮನಾದೆ. ಮಿಕ್ಕದ್ದನ್ನು ಅವಳೇ ಹೊಲಿದುಕೊಂಡಳು. ಬಟ್ಟೆ ಕೊಟ್ಟವನು ನಾನು.

ಭಾನುವಾರ ಹೊರಟೆವು. ಅವಳು ಸ್ಟೀರಿಂಗಿನಲ್ಲಿ, ನಾನು ಪಕ್ಕದಲ್ಲಿ, ಆ ಎರಡನೇ ಬ್ರೇಕಿನ ಸೀಟಿನಲ್ಲಿ. ಟರ್ನ್‌ಪೈಕ್ ಹೆದ್ದಾರಿ ಹಿಡಿದು, ಸ್ಟ್ಯಾಟನ್ ಐಲೆಂಡ್ ದಾಟಿ, ಬ್ರೂಕ್ಲಿನ್ ಮೇಲೆ ಹಾದು ಕ್ವೀನ್ಸಿಗೆ. ದಾರಿಯುದ್ದಕ್ಕೂ ನಾನೇ ಮಾತಾಡಿದೆ, ನಿಮಗೆ ಗೊತ್ತಲ್ಲ. ಅವಳು ಹ್ಞೂಂ ಹ್ಞೂಂ ಅನ್ನುತ್ತಿದ್ದಳು. ಕ್ವೀನ್ಸ್ ಬಂದ ಮೇಲೆ ಅದೂ ನಿಂತಿತು. ಇಂಡಿಕೇಟರ್ ಹಾಕದೆ ಲೇನ್ ಬದಲಾಯಿಸಿದಳು. ರೆನೀಟಾ, ಇಂಡಿಕೇಟರ್ ಹಾಕದೆ. ಮುಂದಿನ ವ್ಯಾನು ನಿಂತಿದ್ದು ನನ್ನ ಒಂದೂವರೆ ಕಣ್ಣಿಗೆ ಕಂಡಿತು, ಅವಳ ಎರಡು ಕಣ್ಣಿಗೆ ಕಾಣಲಿಲ್ಲ. ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಕಾರು ನಿಂತಿತು. ಹಿಂದಿನವನು ಹಾರನ್ ಬಾರಿಸಿದ. ಆಮೇಲೆ ನಾನು, "ಈಗ ಏನಾಯ್ತು, ನೀನೇ ಹೇಳು" ಅಂದೆ.

ಅವಳು ಕೈ ಒರೆಸಿಕೊಂಡಳು. "ಹೆದರಿದೀನಿ" ಅಂದಳು. ಇಂಡಿಕೇಟರ್ ಹಾಕಿ ಹೊರಟಳು.

ರಮಾಮಣಿ ಕರೆಯುತ್ತಿದ್ದಾಳೆ, ಮಾತ್ರೆ ಹೊತ್ತು. ಬಂದೆ.

ಹ್ಞಾಂ. ಮೂರನೆಯ ತುಣುಕು. ನರ್ಸಿಂಗ್ ಹೋಮಿನ ಬಾಗಿಲಲ್ಲಿ ಒಂದು ರಿಜಿಸ್ಟರ್. ಹೆಸರು, ಬಂದ ಹೊತ್ತು, ಯಾರನ್ನು ನೋಡಲು, ಸಂಬಂಧ. ನಾನು ಸಂಬಂಧ ಅನ್ನುವಲ್ಲಿ ಸ್ನೇಹಿತ ಅಂತ ಬರೆದೆ, ಸುಳ್ಳೇ. ರೆನೀಟಾ ಹೆಸರು ಬರೆದಳು, ಹೊತ್ತು ಬರೆದಳು, ಆ ಕೊನೆಯ ಕಾಲಮ್ಮಿನ ಮೇಲೆ ಪೆನ್ನು ಹಿಡಿದು ನಿಂತಳು. ಮೇಜಿನ ಹಿಂದಿದ್ದ ಹೆಂಗಸೂ ಬ್ಲ್ಯಾಕ್, ಅರವತ್ತರ ಮೇಲಿನ ವಯಸ್ಸು, ಕನ್ನಡಕದ ಮೇಲಿಂದ ನೋಡಿದಳು.

"ಖಾಲಿ ಬಿಡು ಮಗಳೇ. ಇಲ್ಲಿಗೆ ಬರೋ ಹೆಣ್ಮಕ್ಕಳಲ್ಲಿ ಅರ್ಧ ಜನ ಅದನ್ನ ಖಾಲೀನೇ ಬಿಡ್ತಾರೆ. ನಾನೂ ನಮ್ಮಪ್ಪನ್ನ ನೋಡೋಕೆ ಹೋದಾಗ ಖಾಲಿ ಬಿಟ್ಟಿದ್ದೆ."

ರೆನೀಟಾ ಖಾಲಿ ಬಿಟ್ಟಳು.

ವಿಲ್ಬರ್ಟ್ ಕಿಟಕಿ ಹತ್ತಿರ ಗಾಲಿಕುರ್ಚಿಯಲ್ಲಿದ್ದ. ಎಪ್ಪತ್ತಮೂರು, ನನಗಿಂತ ಚಿಕ್ಕವನು. ನೀಟಾಗಿ ಶೇವ್ ಮಾಡಿಸಿಕೊಂಡಿದ್ದ, ತಲೆಗೆ ಟೋಪಿ. ನಾನು ಮೂರು ಮೂರು ಸಲ ನೀರು ಬಿಟ್ಟ ಮನುಷ್ಯ ಎದುರಿಗೆ ಕೂತು ಜ್ಯೂಸ್ ಕುಡಿಯುತ್ತಿದ್ದರೆ ನಿಮಗೆ ಹೇಗಾಗುತ್ತಿತ್ತು ಯೋಚನೆ ಮಾಡಿ. ತಬ್ಬಿಕೊಳ್ಳುವುದು, ಅಳುವುದು ಯಾವುದೂ ನಡೆಯಲಿಲ್ಲ. ಇದನ್ನು ನಾನು ಎರಡಡಿ ದೂರದಲ್ಲಿ ನಿಂತು ನೋಡಿದ್ದೇನೆ.

ಅವನು, "ನನ್ನ ಹಣೆ ಬಂದಿದೆ ನಿಂಗೆ" ಅಂದ.

ಇವಳು, "ಇರಬಹುದು" ಅಂದಳು.

"ಡ್ರೈವಿಂಗ್ ಹೇಳ್ಕೊಡ್ತೀಯಂತೆ. ಒಳ್ಳೇದು. ನಾನೇ ನಿನಗೆ ಹೇಳ್ಕೊಡ್ಬೇಕು ಅಂತಿದ್ದೆ."

"ಒಂದು ಶನಿವಾರ."

"ಹೌದು ಕಣೆ, ಆವತ್ತು ಕಾರು ಕೈಕೊಡ್ತು."

ಮೂವತ್ತು ವರ್ಷವಾಗಿತ್ತು. ಈ ಮನುಷ್ಯ ಕಾರು ಕೈಕೊಟ್ಟಿತು ಅನ್ನುತ್ತಾನೆ. ಆ ಕ್ಷಣದವರೆಗೂ ನಾನು, ಕೋಣೆ ಕೊಡಮ್ಮ ಅಂತ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಅಲ್ಲಿಗೆ ನಿಂತಿತು. ರೆನೀಟಾ ಕುರ್ಚಿ ಎಳೆದುಕೊಂಡು ಅವನ ಕಣ್ಣಿನ ಮಟ್ಟಕ್ಕೆ ಕೂತಳು. ಕಲಿಯುವವರ ಜೊತೆ ಮಾತಾಡುವ ಅದೇ ದನಿ, ಏರಿಲ್ಲ ಇಳಿದಿಲ್ಲ.

"ಕೆಳಗಿನ ಕೋಣೆ ಕ್ಲಾಸ್‌ರೂಮು. ಹದಿನಾಲ್ಕಕ್ಕೆ ಇನ್‌ಸ್ಪೆಕ್ಟರ್ ಬರ್ತಾರೆ. ಅದನ್ನ ನಾನು ಕೊಡಲ್ಲ. ನಿನ್ನ ಜವಾಬ್ದಾರಿ ಪೇಪರ್‌ಗೆ ಸೈನ್ ಮಾಡಲ್ಲ. ತಿಂಗಳಿಗೊಂದು ಸಲ, ಮೊದಲನೇ ಭಾನುವಾರ, ಬಂದು ನೋಡ್ತೀನಿ. ನನ್ನ ಹತ್ರ ಇರೋದು ಅಷ್ಟೆ."

"ಅದು ಬಹಳ ಕಮ್ಮಿ ಆಯ್ತು."

"ಕಮ್ಮೀನೇ. ವರ್ಷಕ್ಕೆ ಹನ್ನೆರಡು ಸಲ. ನಿನಗಿಂತ ಹನ್ನೆರಡು ಜಾಸ್ತಿ."

ಅವನು ನನ್ನ ಕಡೆ ನೋಡಿ, ಇದ್ಯಾರು ಅಂತ ಕೇಳಿದ. ರೆನೀಟಾ, "ಇವ್ರು ನಿನಗೆ ನೀರು ಕೊಡೋರು" ಅಂದಳು. ಅವನಿಗೆ ಅರ್ಥವಾಗಲಿಲ್ಲ. ಪಾಪ, ಜ್ಯೂಸಿನ ಖಾಲಿ ಲೋಟ ನನ್ನ ಕೈಗೆ ಕೊಟ್ಟ. ನಾನು ಹೋಗಿ ನೀರು ತಂದುಕೊಟ್ಟೆ. ಅದು ಏಳನೇ ಸಲ.

ಸೋಷಿಯಲ್ ವರ್ಕರ್ ಎರಡು ಸಲ ಕೇಳಿದಳು, ರೆನೀಟಾ ಎರಡು ಸಲವೂ ಇಲ್ಲ ಅಂದಳು. ಒಂದು ವಾರದ ನಂತರ ಅಲ್ಲೇ ಖಾಯಂ ವಾರ್ಡಿನಲ್ಲಿ ಅವನಿಗೆ ಹಾಸಿಗೆ ಸಿಕ್ಕಿತು. ಅವನು ಈಗಿರುವುದು ಅಲ್ಲಿ. ಅವಳ ಮನೆಯಲ್ಲಿ ಅಲ್ಲ. ಸುಧಾಮಣಿ, ಕೇಳಿಸಿತಾ?

ಅಲ್ಲಿಂದ ಜ್ಯಾಕ್ಸನ್ ಹೈಟ್ಸಿಗೆ ಬಂದು ದೋಸೆ ತಿಂದೆವು. ಅವಳಿಗೆ ಹೊಟ್ಟೆ ಹಸಿದಿತ್ತು, ಎರಡು ತಿಂದಳು. ತಿನ್ನುತ್ತ, "ಆ ನೀರಿನ ಲಿಸ್ಟಲ್ಲಿ ಅವನ ಹೆಸರು ಹೊಡೆದು ಹಾಕಿ. ನಿಮಗೆ ಯಾರ ಹೆಸರಾದ್ರೂ ಬೇಕೇ ಬೇಕು ಅಂದ್ರೆ ನಮ್ಮಮ್ಮಂದು ಹಾಕಿ. ಮಿಸ್ ಒಡೆಸಾದು ಹಾಕಿ. ಅವರಿಬ್ರೂ ನಿಜವಾಗ್ಲೂ ಸತ್ತಿದಾರೆ, ನಾನು ಖಾತ್ರಿ ಕೊಡ್ತೀನಿ" ಅಂದಳು. ಬೇಕಾದರೆ ಮಣ್ಣು ಮಾಡಿದ ಜಾಗ ತೋರಿಸುತ್ತೇನೆ ಅಂತಲೂ ಅಂದಳು. ತಮಾಷೆಗೇ ಅಂದದ್ದು. ಆದರೆ ಮುಂದಿನ ತಿಂಗಳು ನನ್ನನ್ನೂ ರಮಾಮಣಿಯನ್ನೂ ಕರೆದುಕೊಂಡು ಹೋಗಿ ತೋರಿಸಿದಳು. ಒಂದೇ ಸಾಲಿನಲ್ಲಿ ಇಬ್ಬರೂ ಇದ್ದಾರೆ.

ಏಪ್ರಿಲ್ ಹದಿನಾಲ್ಕಕ್ಕೆ ಇನ್‌ಸ್ಪೆಕ್ಟರ್ ಬಂದರು, ಬಾಗಿಲ ಅಗಲ ಅಳೆದರು, ಪಾಸ್ ಮಾಡಿದರು. ಎಂಟು ಕುರ್ಚಿ, ಒಂದು ಬೋರ್ಡು. ಮೇ ತಿಂಗಳಿಂದ ಇಬ್ಬರು ಹೆಂಗಸರು ಅವಳ ಕೈಕೆಳಗೆ ಕೆಲಸ ಮಾಡುತ್ತಿದ್ದಾರೆ. ಹೇಳಿದ ಹಾಗೆ ಪ್ರತಿ ತಿಂಗಳ ಮೊದಲ ಭಾನುವಾರ ಕ್ವೀನ್ಸಿಗೆ ಹೋಗುತ್ತಾಳೆ, ಒಂದು ಗಂಟೆ ಕೂತು ಬರುತ್ತಾಳೆ. ಸಂಬಂಧದ ಕಾಲಂ ಈಗಲೂ ಖಾಲಿ. ನಾನು ಕೇಳಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಈ ಸೆಪ್ಟೆಂಬರಿನ ಅಮಾವಾಸ್ಯೆಗೆ ಪುರೋಹಿತರಿಗೆ ವಿಷಯ ಹೇಳಿದೆ. ಅವರು, ನೂರೆಂಟು ಗಾಯತ್ರಿ ಮಾಡಿ, ಆಗಿದ್ದು ಆಯಿತು ಅಂದರು. ಹೊಸ ಎರಡು ಹೆಸರು ಕೊಟ್ಟೆ. ನಿಮಗೆ ಏನಾಗಬೇಕು ಅಂದರು, ಸ್ನೇಹಿತರ ಪೈಕಿಯಾ, ಬಂಧುಗಳ ಪೈಕಿಯಾ? ನಾನು ಯೋಚನೆ ಮಾಡಿದೆ. ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ, ದೇವಸ್ಥಾನಕ್ಕೆ, ಕೊತ್ತಂಬರಿ ಸೊಪ್ಪಿಗೆ ಕರೆದುಕೊಂಡು ಹೋಗುವವಳು ರಮಾಮಣಿ. ಅವಳಿಗೆ ಕಲಿಸಿದವಳು ರೆನೀಟಾ. ರೆನೀಟಾಗೆ ಕಲಿಸಿದವಳು ಒಡೆಸಾ. ನಾಲ್ಕು ಗಂಟೆಗೆ ಬಾಗಿಲು ತಟ್ಟಿದಾಗ ಬೀಗದಕೈ ತೆಗೆದುಕೊಂಡವಳು. ಮಗಳು ಮೆಟ್ಟಿಲ ಮೇಲೆ ಕೂತಾಗ ಎರಡು ಬಸ್ಸು ಬದಲಾಯಿಸಿ ಕೆಲಸಕ್ಕೆ ಹೋಗಿ ಅನ್ನ ಹಾಕಿದವಳು ಅರ್ನಸ್ಟೀನ್.

"ಗುರುಗಳ ಪೈಕಿ" ಅಂದೆ.

"ಯಾವ ವಿದ್ಯೆ?"

"ಡ್ರೈವಿಂಗು."

"ಇಬ್ಬರದ್ದೂ ಅದೇ ವಿದ್ಯೆಯಾ?"

"ಒಬ್ಬರಿಗೆ ಡ್ರೈವಿಂಗ್ ಬರ್ತಿರ್ಲಿಲ್ಲ. ಅವ್ರೂ ಗುರುವೇ. ಹಾಕಿ."

ಅವರು ವಾದ ಮಾಡಲಿಲ್ಲ. ಕಾಶ್ಯಪ ಗೋತ್ರ ಇಬ್ಬರಿಗೂ. ರೆನೀಟಾ ಡೆಕ್ಕಿನ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತು ನೋಡಿದಳು. ಮುಗಿದ ಮೇಲೆ, ಹೆಸರಿನ ಉಚ್ಚಾರಣೆ ಸರಿಯಿಲ್ಲ ಅಂತ ತಿದ್ದಿದಳು. ಸರಿಯಾಗಿ ಹೇಳಿಸಿ ಮತ್ತೊಂದು ಸಲ ಬಿಡಿಸಿದಳು. ಟೀಚರು ತಾನೇ.

ಇಷ್ಟೇ ನಡೆದದ್ದು. ಇದರಲ್ಲಿ ಯಾರೂ ಯಾರನ್ನೂ ಒಂದು ಮಾಡಲಿಲ್ಲ, ನಾನಂತೂ ಮಾಡಲಿಲ್ಲ. ನಾನು ಮಾಡಿದ್ದು ಒಂದೇ ಕೆಲಸ, ಒಂದು ಸಲ ಬ್ರೇಕ್ ಒತ್ತಿದ್ದು. ಇದನ್ನೆಲ್ಲ ಗುಂಪಿಗೆ ಹೇಳಲಾ ಅಂತ ರೆನೀಟಾಳನ್ನು ಕೇಳಿಯೇ ಹೇಳುತ್ತಿದ್ದೇನೆ. "ಆ ಅಳೋ ಕಥೆ ಹೇಳಿದ್ರೆ ಮಾತ್ರ ನಿಮ್ಮನ್ನ ಬಿಡಲ್ಲ" ಅಂದಿದ್ದಾಳೆ. ಆ ತಬ್ಬಿಕೊಂಡು ಅಳುವ ಕಥೆಯನ್ನು ಎಡಿಸನ್ ಊರಿನ ಗುಂಪಿಗೆ, ಮೈಸೂರಿನ ಅಕ್ಕಂದಿರಿಗೆ, ಇನ್ನೂ ಎಲ್ಲೆಲ್ಲಿಗೋ ಕಳಿಸಿದ್ದೀರಿ. ಅಲ್ಲಿಗೆಲ್ಲ ಇದನ್ನೂ ಕಳಿಸಿ, ಮೂರು ತುಣುಕನ್ನೂ, ಸಾಲಾಗಿ. ಸುಧಾಮಣಿ, ನೀನು ಮೊದಲು ಕಳಿಸಮ್ಮ. ಹೆಸರು ರೆನೀಟಾ ಅಂತ ಹೇಳು.